ಐದೂಮುಕ್ಕಾಲಿನ ಮೇಲೆ ಕೆಂಪು ಗೀಟು

ಇವತ್ತು ಭಾನುವಾರ ಬೆಳಿಗ್ಗೆ ನೋಡಿದರೆ ನಡುಮನೆಯ ಗೋಡೆ ಗಡಿಯಾರ ನಿಂತುಬಿಟ್ಟಿತ್ತು. ಕುರ್ಚಿ ಹತ್ತಿ ಇಳಿಸಿ, ಹಿಂದಿನ ಮುಚ್ಚಳ ತೆಗೆದೆ. ಸೆಲ್ಲು ಒಸರಿ, ಕಿಲುಬು ಹಿಡಿದ ತಾಮ್ರದ ವಾಸನೆ ಮೂಗಿಗೆ ಹೊಡೆಯಿತು. ಹೊಸ ಸೆಲ್ಲು ಹಾಕಿ, ಟೈಮೆಷ್ಟು ಅಂತ ಕೋಣೆಯ ಕಡೆ ಕೂಗಿದೆ. ‘ಏಯ್ಟ್ ಫೈವ್’ ಅಂತ ಮಗಳ ದನಿ ಬಂತು. ಮುಳ್ಳು ತಿರುಗಿಸುತ್ತಿದ್ದಂತೆ ಹಳೆಯ ಸಿಟ್ಟು ನೆತ್ತಿಗೇರಿತು. ಕುರ್ಚಿಯ ಮೇಲೆ ನಿಂತು ಸಿಟ್ಟಾಗುವುದು ನನ್ನ ವಯಸ್ಸಿಗೆ ಕ್ಷೇಮವಲ್ಲವೆಂದು ಇಳಿದು ಕೂತೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಮಗಳು ನೀಲಾ ಆಗ ಮೂರನೇ ಕ್ಲಾಸು. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಅದಕ್ಕೆ ಒಗ್ಗಿಕೊಂಡಿದ್ದೆವು. ಗಡಿಯಾರ ನೋಡುವುದನ್ನು ಮಾತ್ರ ನಾನೇ ಕಲಿಸಬೇಕೆಂಬ ಹಟ ನನಗೆ. ಅಂಬತ್ತೂರಿನ ಆಫೀಸಿಗೆ ಹೋಗುವ ಟ್ರೈನಿಗೆ ಅರ್ಧ ಗಂಟೆ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಪ್ರಾಣಿ ನಾನು. ಮಗಳು ಮುಂದೆಂದೋ ಪರೀಕ್ಷೆಯ ಹಾಲಿನಲ್ಲಿ ಗೋಡೆ ನೋಡಿ ಬೆಪ್ಪಾಗಿ ಕೂತ ಹಾಗೆ ಆಗಲೇ ಕನಸು ಬೀಳುತ್ತಿತ್ತು. ಶಾಲೆಯ ಪುಸ್ತಕದಲ್ಲಿ ಗಡಿಯಾರಕ್ಕೆ ಕೈ, ನಮ್ಮಲ್ಲಿ ಮುಳ್ಳು. ಚುಚ್ಚತ್ತಾ ಅಂತ ಕೇಳಿದಳು, ತಮಿಳಿನಲ್ಲಿ. ನನಗೆ ದಿನಾ ಬೆಳಿಗ್ಗೆ ಚುಚ್ಚತ್ತೆ ಅಂದೆ.

ಪಾಠ ನಡೆದದ್ದು ದೋಸೆಯ ಮೇಲೆ. ತಟ್ಟೆಯಲ್ಲಿ ನಾಲ್ಕು ಭಾಗ ಮಾಡಿ, ಒಂದು ತುಂಡು ಕಾಲು, ಎರಡಾದರೆ ಅರ್ಧ, ಮೂರಾದರೆ ಮುಕ್ಕಾಲು. ದೊಡ್ಡ ಮುಳ್ಳು ಮೂರು ತುಂಡು ತಿಂದಿದೆ, ಚಿಕ್ಕದು ಐದು ದಾಟಿದೆ, ಹಾಗಾದರೆ?

‘ಐದೂಮುಕ್ಕಾಲು,’ ಅಂದಳು.

ನನ್ನ ಹೆಂಡತಿ ಸುಜಾತ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು. ಮಗಳ ಬಾಯಲ್ಲಿ ಕನ್ನಡ ಬಂದಿತ್ತು. ಆಮೇಲೆ ನಾವಿಬ್ಬರೂ ನಾಚಿಕೆ ಬಿಟ್ಟು ಹೊತ್ತಲ್ಲದ ಹೊತ್ತಿನಲ್ಲೆಲ್ಲ ಅವಳನ್ನು ಟೈಮು ಕೇಳುತ್ತಿದ್ದೆವು. ಆರೂಕಾಲು, ಏಳೂವರೆ, ಒಂಬತ್ತೂಮುಕ್ಕಾಲು. ಅವಳ ಕನ್ನಡವೆಲ್ಲ ಒಂದು ಗಡಿಯಾರದಷ್ಟೇ ಅಗಲ. ನಮಗೆ ಅಷ್ಟಾದರೂ ಇತ್ತು.

ಅಷ್ಟರಲ್ಲಿ ಶಾಲೆಯ ಟೆಸ್ಟ್ ಬಂತು. ಗಡಿಯಾರದ ಚಿತ್ರ, ಕೆಳಗೆ ಖಾಲಿ ಗೆರೆ. ಅದೇ ವಾರ ಭಿನ್ನರಾಶಿ ಕಲಿಸಿದ್ದರಂತೆ. ಮಗು ಎರಡನ್ನೂ ಕೂಡಿಸಿಕೊಂಡು 5¾ ಅಂತ ಬರೆದಿತ್ತು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ಕ್ವಾರ್ಟರ್ ಟು ಸಿಕ್ಸ್’ ಎಂಬ ತಿದ್ದುಪಡಿ. ಏನು ತಪ್ಪು, ನೀವೇ ಹೇಳಿ. ಇನ್ನೂ ಬಾರದ ಆರಕ್ಕೆ ಎಷ್ಟು ಬಾಕಿ ಅಂತ ಎಣಿಸುವವರಿಗೆ ಮಾರ್ಕು, ಕಳೆದದ್ದೆಷ್ಟು ಅಂತ ನೆಟ್ಟಗೆ ಹೇಳಿದವಳಿಗೆ ಸೊನ್ನೆ. ಕನ್ನಡದ ಮಾತು ಬಿಡಿ, ಇಲ್ಲಿನ ಪ್ಯಾರೀಸ್ ಕಾರ್ನರಿನಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ತಮಿಳಿನಲ್ಲಿ ‘ಅಂಜೇ ಮುಕ್ಕಾಲ್’ ಅಂತಲೇ ಅನ್ನುತ್ತಾರೆ. ಇಡೀ ಊರೇ ಫೇಲಾ?

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಟ್ರೈನಿನುದ್ದಕ್ಕೂ ಭಾಷಣ ತಯಾರಿಸಿದ್ದೆ. ಮಿಸ್ ಎದುರು ಕೂತಾಗ ಬಾಯಿಂದ ಬಂದದ್ದು, ತೊಂದರೆ ಕೊಡ್ತಿದ್ದೀನಿ, ಸಾರಿ ಅಂತ. ಅಷ್ಟರಲ್ಲಿ ಆಯಾ ಬಾಗಿಲಲ್ಲಿ ಇಣುಕಿ ವ್ಯಾನು ಎಷ್ಟು ಹೊತ್ತಿಗೆ ಅಂತ ಕೇಳಿದರು. ಮಿಸ್ ತಲೆ ಎತ್ತದೆ, ‘ಮೂಣೇ ಮುಕ್ಕಾಲ್’ ಅಂದರು. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ನೀವೂ ಅದನ್ನೇ ಹೇಳಿದಿರಲ್ಲ ಮೇಡಂ ಅಂದೆ.

ಅವರು ನಕ್ಕರು, ನಾನೂ ಮೂರನೇ ಕ್ಲಾಸಿನವನು ಅನ್ನುವ ಹಾಗೆ. ‘ಅದು ಪೇಚ್ಚು, ಸಾರ್. ಇದು ಪೇಪರ್.’

ಅದು ಬರೀ ಬಾಯಿಮಾತು, ಇದು ಪರೀಕ್ಷೆ ಅಂತ. ಪಕ್ಕದಲ್ಲೇ ನಿಂತಿದ್ದ ನೀಲಾ ಕೇಳಿಸಿಕೊಂಡಳು. ಆ ಸಂಜೆ ಟೈಮು ಕೇಳಿದರೆ ‘ಸಿಕ್ಸ್ ಥರ್ಟಿ’ ಅಂದಳು. ಆರೂವರೆ ಅನ್ನು ಅಂತ ತಿದ್ದಿದೆ, ಅನ್ನಲಿಲ್ಲ. ಎಷ್ಟು ವರ್ಷ ತಿದ್ದಿದರೂ ಅನ್ನಲಿಲ್ಲ. ಮಾರ್ಕು ಹಾಳಾಗಲಿ, ನಮ್ಮ ಮನೆಯಲ್ಲಿದ್ದ ಅಷ್ಟು ಕನ್ನಡವನ್ನೂ ಒಂದು ಕೆಂಪು ಪೆನ್ನು ತೆಗೆದುಕೊಂಡು ಹೋಯಿತಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗಡಿಯಾರವನ್ನು ಮತ್ತೆ ಗೋಡೆಗೇರಿಸಿ ಕೋಣೆಯ ಬಾಗಿಲಿಗೆ ಬಂದೆ. ನೀಲಾ, ಈಗ ಎಂಟನೇ ಕ್ಲಾಸು, ಫೋನಿನಲ್ಲಿ ಗೆಳತಿಗೆ ‘ಎಟ್ಟೇ ಮುಕ್ಕಾಲುಕ್ಕು ವಂದುಡು’ ಅನ್ನುತ್ತಿದ್ದಳು. ಎಂಟೂಮುಕ್ಕಾಲಿಗೆ ಬಂದುಬಿಡು ಅಂತ. ಮುಕ್ಕಾಲು ಎಲ್ಲೂ ಹೋಗಿರಲಿಲ್ಲ. ಗೆಳತಿಯ ಜೊತೆ ಅವಳದು ಮಾತು; ನಾನು ಕೇಳಿದರೆ ಮಾತ್ರ ಪೇಪರ್.

ಎಂಟೂಮುಕ್ಕಾಲು ಅನ್ನು ಅಂತ ನಾಲಿಗೆಗೆ ಬಂದದ್ದನ್ನು ನುಂಗಿಕೊಂಡೆ. ‘ಎಟ್ಟೇ ಮುಕ್ಕಾಲಿಗೆ ಯಾರಮ್ಮ ಬರೋದು?’ ಅಂದೆ. ಅವಳು ಫೋನು ಕೆಳಗಿಟ್ಟಳು. ಆಮೇಲೆ ಮಂಚದ ಮೇಲಿನ ಪುಸ್ತಕ ಸರಿಸಿ ನನಗೆ ಜಾಗ ಮಾಡಿ, ತಮಿಳಿನಲ್ಲೇ, ಆ ಗೆಳತಿಯ ವಿಷಯವನ್ನು ಮೊದಲಿನಿಂದ ಹೇಳತೊಡಗಿದಳು.