ಕ್ಯಾಪ್ ಬಿಚ್ಚಿದ್ದು ಯಾರು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಾ ಬಂದು ಎಂಟು ವರ್ಷವಾಯಿತು. ಮಳೆಗಾಲ ಮುಗಿಯಲಿ ಎಂದೆ, ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಆಗಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಎಲ್ಲವೂ ಆಯಿತು. ಹೋದ ಭಾನುವಾರ ನಾಲ್ಕು ಜನ ಮನೆಗೆ ಬಂದು, ಈ ಸಲದ ಆಟೋಕ್ರಾಸ್‌ನಲ್ಲಿ ನನಗೆ ಶಾಲು ಹೊದಿಸುತ್ತೇವೆ ಎಂದು ಹೇಳಿರದಿದ್ದರೆ ಇನ್ನೂ ಮುಂದೂಡುತ್ತಿದ್ದೆ.

ಶಾಲು! ಯಾವ ಘನಕಾರ್ಯಕ್ಕೆ?

ಪಂಪ್‌ವೆಲ್‌ನಲ್ಲಿ ನನ್ನದೊಂದು ಟಯರ್ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಆ ಕೆಲಸಕ್ಕೆ ಕೈ ಹಾಕಿದವನು ನಾನು. ಕೂಳೂರು ಸೇತುವೆಯ ಈಚೆ, ಹೊಳೆಯ ಬದಿಯ ಮೈದಾನದಲ್ಲಿ ವರ್ಷಕ್ಕೊಮ್ಮೆ ಆಟೋಕ್ರಾಸ್ ನಡೆಯುತ್ತಿತ್ತು. ಮಣ್ಣಿನಲ್ಲಿ ಕೋನ್‌ಗಳನ್ನು ಇಟ್ಟು ಸುತ್ತುದಾರಿ ಮಾಡುತ್ತಾರೆ. ಕಾರುಗಳು ಒಂದೊಂದಾಗಿ ಓಡುತ್ತವೆ, ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದಂತೆ. ಅಲ್ಲಿ ಎಂಜಿನ್ನಿನಷ್ಟೇ ಮುಖ್ಯ ಟಯರಿನ ಗಾಳಿ. ಹೆಚ್ಚಾದರೆ ಕಾರು ಮಣ್ಣಿನ ಮೇಲೆ ಜಾರುತ್ತದೆ. ತೀರಾ ಕಡಿಮೆಯಾದರೆ ತಿರುವಿನಲ್ಲಿ ಟಯರ್ ಮಡಚಿಕೊಂಡು ರಿಮ್ಮಿನಿಂದಲೇ ಕಳಚಿ ಬರುತ್ತದೆ. ಓಡುವ ಕಾರುಗಳಿಗೆಲ್ಲ ಗಾಳಿ ನೋಡಿ ಕೊಡುತ್ತಿದ್ದವನು ನಾನೇ. ಆ ಮೈದಾನಕ್ಕೆ ನನ್ನ ಲೆಕ್ಕ ಮುಂದೆ ಇಪ್ಪತ್ತಾರು ಪೌಂಡ್, ಹಿಂದೆ ಮೂವತ್ತು. ಬಿಸಿಲಿನಲ್ಲಿ ನಿಂತ ಟಯರ್ ಹೆಚ್ಚು ತೋರಿಸುತ್ತದೆಂದು ಕಾರನ್ನು ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸದೆ ನಾನು ಗಾಳಿ ಅಳೆಯುವ ಗೇಜ್ ಹಿಡಿಯುತ್ತಿರಲಿಲ್ಲ. ಗಾಳಿ ನೋಡಿದ ಮೇಲೆ ಟಯರ್ ಬಿಚ್ಚುವ ಲಿವರ್‌ನಿಂದ ಟಯರಿಗೊಂದು ಪೆಟ್ಟು ಕೊಟ್ಟು ಸದ್ದು ಕೇಳುತ್ತಿದ್ದೆ. "ಅಂಕಲ್‌ಗೆ ಗೇಜ್ ಎಂತಕ್ಕೆ, ಕಿವಿಯೇ ಸಾಕು" ಎಂದು ಹುಡುಗರು ಹೊಗಳುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

ಮೈದಾನದಲ್ಲಿ ನಾನೇ ಮಾಡಿಟ್ಟ ಒಂದು ಕಟ್ಟಳೆಯೂ ಇತ್ತು. ನಾನು ವಾಲ್ವಿಗೆ ಕ್ಯಾಪ್ ಹಾಕಿದ ಮೇಲೆ ಅದನ್ನು ಯಾರೂ ಬಿಚ್ಚಬಾರದು. ಕಾರಿನ ಮಾಲೀಕನೂ ಬಿಚ್ಚಬಾರದು.

ಎಂಟು ವರ್ಷದ ಹಿಂದೆ ಒಂದು ಕಾರಿಗೆ ಇಬ್ಬರು ಹೆಸರು ಕೊಟ್ಟಿದ್ದರು, ಅಕ್ಕ ಮತ್ತು ತಮ್ಮ. ಮೀನುಗಾರರ ಮನೆಯವರು. ತಮ್ಮ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅಕ್ಕನಿಗೆ ಪಣಂಬೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ, ಅಲ್ಲಿನ ಪ್ರೆಶರ್ ಗೇಜುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುವುದು. ಬೆಳಿಗ್ಗೆ ತಮ್ಮ ಓಡಿಸುವುದು, ಮಧ್ಯಾಹ್ನ ಅದೇ ಕಾರನ್ನು ಮಹಿಳೆಯರ ವಿಭಾಗದಲ್ಲಿ ಅಕ್ಕ ಓಡಿಸುವುದು ಎಂದು ಏರ್ಪಾಡು. ಅವಳಿಗೆ ಅದು ಮೊದಲನೆಯ ಸಲ. ಮನೆಯಲ್ಲಿ ತಾಯಿಯನ್ನು ಒಪ್ಪಿಸಲು ಎರಡು ವರ್ಷ ಬೇಕಾಯಿತಂತೆ. ಬೆಳಿಗ್ಗೆ ಏಳಕ್ಕೇ ಬಂದು ಕೋನ್‌ಗಳ ನಡುವೆ ನಡೆದು ನಡೆದು ದಾರಿ ಬಾಯಿಪಾಠ ಮಾಡುತ್ತಿದ್ದಳು.

ಅವರ ಕಾರಿನ ಸರದಿ ಬರುವಾಗ ನಾನಾಗಲೇ ಐದು ಕಾರು ಮುಗಿಸಿದ್ದೆ. ಏಳುವಾಗ ಗೇಜ್ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಗಾಜು ಒಡೆದಿರಲಿಲ್ಲ. ಲುಂಗಿಯಲ್ಲಿ ಒರೆಸಿಕೊಂಡು ಮುಂದುವರಿಸಿದೆ. ಇಪ್ಪತ್ತಾರು, ಮೂವತ್ತು. ಲಿವರ್‌ನಿಂದ ಬಡಿದೆ. ಮುಂದಿನ ಟಯರಿನ ಸದ್ದು ಮೆತ್ತಗಿತ್ತು. ನನ್ನ ಆ ಪ್ರಸಿದ್ಧ ಕಿವಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕ್ಯಾಪ್ ಹಾಕಿದೆ.

ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಅವಳು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕ್ಯಾಪ್ ಬಿಚ್ಚಿ, ತನ್ನದೊಂದು ಗೇಜ್ ಇಟ್ಟು ನೋಡುತ್ತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಅವಳು ಎದ್ದು ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ಅಂಕಲ್, ನನ್ನದರಲ್ಲಿ ಹದಿನೆಂಟು ತೋರಿಸ್ತದೆ. ನಿಮ್ಮ ಗೇಜ್ ಬಿದ್ದದ್ದು ನಾನು ನೋಡಿದೆ. ಮುಳ್ಳು ಸೊನ್ನೆಗೆ ಬರ್ತದಾ ಅಂತ ಒಮ್ಮೆ ನೋಡಿ."

ನನ್ನ ಮರ್ಯಾದೆ ಉಳಿಯಲೆಂದು ಅವಳು ಮೆಲ್ಲನೆ ಹೇಳಿದ್ದಳು. ನಾನು ಇಡೀ ಮೈದಾನಕ್ಕೆ ಕೇಳುವ ಹಾಗೆ ಉತ್ತರ ಕೊಟ್ಟೆ. "ಎಂತ ಮೇಡಂ, ಇದು ನಿಮ್ಮ ಫ್ಯಾಕ್ಟರಿಯ ಬಾಯ್ಲರ್ ಅಂತ ಮಾಡಿದ್ರಾ? ನೀವು ಹುಟ್ಟುವ ಮೊದಲಿಂದ ಟಯರಿಗೆ ಗಾಳಿ ಹಾಕ್ತಿದ್ದೇನೆ ನಾನು!"

ಸುತ್ತಲಿದ್ದವರು ನಕ್ಕರು. "ಅಕ್ಕನಿಗೆ ಇನ್ಸ್‌ಪೆಕ್ಷನ್ ಡ್ಯೂಟಿ ಉಂಟು ಮಾರಾಯ್ರೇ ಇವತ್ತು" ಎಂದನೊಬ್ಬ. ತಮ್ಮ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತಿದ್ದ. "ಬಿಡು ಅಕ್ಕ, ಅಂಕಲ್ ನೋಡಿಯಾಯ್ತಲ್ಲ" ಎಂದು ಕಾರನ್ನು ಲೈನಿಗೆ ತೆಗೆದುಕೊಂಡು ಹೋದ.

ಮೂರನೆಯ ತಿರುವಿನಲ್ಲಿ ಎಡಗಡೆಯ ಮುಂದಿನ ಟಯರ್ ಕಳಚಿತು. ರಿಮ್ ಮಣ್ಣಿನಲ್ಲಿ ಹೂತು ಕಾರು ಮಗುಚಿ ಬಿತ್ತು. ತಮ್ಮನ ಭುಜದ ಎಲುಬು ಮುರಿಯಿತು. ಕಾರಿನ ಮಾಡು ಜಜ್ಜಿಹೋಯಿತು. ಅವನನ್ನು ಆಂಬ್ಯುಲೆನ್ಸಿಗೆ ಹತ್ತಿಸುವಾಗ ಎಲ್ಲರೂ ನನ್ನ ಕಡೆ ತಿರುಗಿದರು. "ಅಂಕಲ್, ಎಂತಾಯ್ತು? ಗಾಳಿ ಸರಿ ಇತ್ತಲ್ಲ?"

ನಾನು ಹೇಳಿದ್ದು ಇಷ್ಟೇ: "ನಾನು ಹಾಕಿದ್ದು ಇಪ್ಪತ್ತಾರು. ಆಮೇಲೆ ಕ್ಯಾಪ್ ಬಿಚ್ಚಿದ್ದು ಯಾರು ಅಂತ ಕೇಳಿ."

ನನಗೆ ಇವತ್ತಿಗೂ ಮೈ ಉರಿಯುವುದು ಈ ಮಾತಿಗೆ. ಸುಳ್ಳಾದರೂ ಹೇಳಬಹುದಿತ್ತಲ್ಲ! ಒಂದು ಸುಳ್ಳು ಹೇಳುವ ಧೈರ್ಯವೂ ಇಲ್ಲದೆ, ನಡೆದದ್ದರಲ್ಲೇ ಅರ್ಧ ಹೇಳಿ ಉಳಿದರ್ಧವನ್ನು ಅವರ ಊಹೆಗೆ ಬಿಟ್ಟೆ. ಅವರಾದರೂ ಎಂಥವರು! ಉಳಿದ ಐದು ಕಾರು ಸರಿಯಾಗಿ ಓಡಿದೆ, ಅಂದಮೇಲೆ ಗೇಜ್ ಸರಿ, ಅಂದಮೇಲೆ ಹೆಂಗಸೇ ಗಾಳಿ ಬಿಟ್ಟಿರಬೇಕು. ಒಬ್ಬನೂ ನನ್ನ ಗೇಜನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಅವಳ ಗೇಜಿನಲ್ಲಿ ಎಷ್ಟು ತೋರಿಸಿತ್ತು ಎಂದು ಒಬ್ಬನೂ ಕೇಳಲಿಲ್ಲ. ಅವಳು ಎರಡು ಸಲ ಹೇಳಲು ಹೊರಟಳು. "ಸಾಕು ಅಕ್ಕ, ಇನ್ನು ನೀನು ಕಾರು ಮುಟ್ಟುವುದು ಬೇಡ" ಎಂದು ತಮ್ಮ ನೋವಿನಲ್ಲಿ ಕಿರುಚಿದ. ಅವಳು ಮಧ್ಯಾಹ್ನ ಕಾರಿಗೆ ಅಂಟಿಸಬೇಕಿದ್ದ ತನ್ನ ನಂಬರಿನ ಸ್ಟಿಕ್ಕರನ್ನು ಜೇಬಿನಿಂದ ತೆಗೆದು ಸಮಿತಿಯವರ ಮೇಜಿನ ಮೇಲಿಟ್ಟು ಆಂಬ್ಯುಲೆನ್ಸ್ ಹತ್ತಿದಳು. ಅದರ ಹಿಂದಿನ ಕಾಗದವನ್ನು ಇನ್ನೂ ಸುಲಿದಿರಲಿಲ್ಲ.

ಸಂಜೆ ಅಂಗಡಿಗೆ ಬಂದು ಗೇಜನ್ನು ಮೇಜಿನ ಮೇಲಿಟ್ಟೆ. ಯಾವ ಟಯರಿಗೂ ತಾಗಿಸದೆ ಬರಿದೇ ಬಿದ್ದಿದ್ದ ಆ ಗೇಜಿನ ಮುಳ್ಳು ಎಂಟರಲ್ಲಿ ನಿಂತಿತ್ತು. ತಟ್ಟಿದೆ, ಕೊಡವಿದೆ. ಎಂಟು. ಇಪ್ಪತ್ತಾರರಲ್ಲಿ ಎಂಟು ಕಳೆದರೆ ಹದಿನೆಂಟು.

ಆಗಲೇ ಆಸ್ಪತ್ರೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮರುವಾರ ಹೊಸ ಗೇಜ್ ತಂದು, "ಈಗೆಲ್ಲ ಡಿಜಿಟಲ್ ಅಲ್ವಾ" ಎಂದೆ. ಎರಡು ವರ್ಷದ ಬಳಿಕ ಪಂಪ್‌ವೆಲ್‌ನ ಬಸ್ ಸ್ಟಾಪಿನಲ್ಲಿ ಅವಳೇ ಎದುರಾದಳು, ಕಾರ್ಖಾನೆಯ ಸಮವಸ್ತ್ರದಲ್ಲಿ. "ಅಂಕಲ್, ಹುಷಾರಿದ್ದೀರಾ?" ಎಂದಳು. ನಾನು ಮೊಬೈಲ್ ನೋಡುತ್ತಾ ರಸ್ತೆ ದಾಟಿದೆ.

ಹೋದ ಭಾನುವಾರ ಬಂದ ನಾಲ್ವರಲ್ಲಿ ಆ ತಮ್ಮನೂ ಇದ್ದ. ಈಗ ಅವನು ಆಟೋಕ್ರಾಸ್ ಸಮಿತಿಯವನು. ಚಹಾ ಕುಡಿಯುತ್ತಾ ಉಳಿದವರಿಗೆ ಭುಜ ತೋರಿಸಿ, "ಇದು ನಮ್ಮ ಅಕ್ಕ ಗಾಳಿ ತೆಗೆದು ಕೊಟ್ಟ ಪ್ರಸಾದ ಮಾರಾಯ್ರೇ" ಎಂದ. ಎಲ್ಲರೂ ನಕ್ಕರು. "ಈಗ ಓಡಿಸ್ತಾರಾ ಅವರು?" ಎಂದು ಕೇಳಿದೆ. "ಎಲ್ಲಿ! ಆ ದಿನದಿಂದ ಸ್ಟೇರಿಂಗ್ ಮುಟ್ಟಲಿಲ್ಲ. ಸ್ಕೂಟರ್ ಸಹ ಇಲ್ಲ, ಬಸ್ಸೇ" ಎಂದ. ಎಂಟು ವರ್ಷದಿಂದ ಆ ಮನೆಯಲ್ಲಿ ಇದು ತಮಾಷೆಯ ಮಾತಾಗಿದೆ. ಪ್ರತಿ ಸಲ ಅವಳೂ ಕೂತು ಕೇಳಿಸಿಕೊಳ್ಳಬೇಕು. ನಾನು ಆಗಲೂ ಬಿಸ್ಕೆಟಿನ ತಟ್ಟೆ ಮುಂದೆ ಹಿಡಿದೆ. ಥೂ!

ಅವರು ಹೋದ ಮೇಲೆ ಬರೆಯಲು ಕೂತೆ. ನಾಳೆ ಈ ಹಾಳೆಗಳನ್ನೂ ಆ ಹಳೆಯ ಗೇಜನ್ನೂ ತೆಗೆದುಕೊಂಡು ಮೊದಲು ದಕ್ಕೆಗೆ ಹೋಗಿ ತಮ್ಮನ ಕೈಗೆ ಕೊಡುತ್ತೇನೆ. ಮುಳ್ಳು ಇನ್ನೂ ಎಂಟರಲ್ಲೇ ಉಂಟು, ಅವನೇ ನೋಡಲಿ. ಆಟೋಕ್ರಾಸಿನ ದಿನ ಶಾಲು ಬೇಡ, ಮೈಕ್ ಕೊಡಿ ಎನ್ನುತ್ತೇನೆ. ಮೈದಾನದಲ್ಲಿ ಗಟ್ಟಿಯಾಗಿ ಅವಮಾನ ಮಾಡಿದವನು ಮನೆಯ ಮೂಲೆಯಲ್ಲಿ ಮೆಲ್ಲನೆ ಕ್ಷಮೆ ಕೇಳಿದರೆ ನ್ಯಾಯವಾಗುವುದಿಲ್ಲ.

ಕ್ಯಾಪ್ ಬಿಚ್ಚಿದ್ದು ಅವಳು, ನಿಜ. ತಮ್ಮನನ್ನು ಉಳಿಸಲು ಬಿಚ್ಚಿದ್ದು. ನಾನು ಇವತ್ತಿನವರೆಗೂ ಕ್ಷಮೆ ಕೇಳದ ಹೆಣ್ಣುಮಗಳು ಅವಳೇ: ಪಣಂಬೂರಿನಲ್ಲಿ ಗೇಜ್ ಪರೀಕ್ಷಿಸುವ, ದಿನಾ ಬಸ್ಸಿನಲ್ಲಿ ಹೋಗಿಬರುವ, ಆ ತಮ್ಮನ ಅಕ್ಕ.