ಚಮನಸಾಬ ಕಾಕಾ ಎಳೆದ ತಪ್ಪು ಗೆರೆ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಈಗಲೂ ನನ್ನ ಮುಂದೆ ನಿಂತು ಜಗಳ ತೆಗೆಯುವವರಿದ್ದಾರೆ. ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಹೊಡೆಯದೆ ಕುಳಿತರೆ ನಮ್ಮ ಊರು ನಿಮಗೇ ಕಾಣುತ್ತದೆ ಎಂದಷ್ಟೇ ಹೇಳಬಲ್ಲೆ. ಅಲ್ಲಿನ ಪಟ್ಟಣ ಪಂಚಾಯಿತಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಹನ್ನೊಂದು ವರ್ಷ ಜನರ ಅರ್ಜಿ ಟೈಪ್ ಮಾಡಿ ಹೊಟ್ಟೆ ಹೊರೆದವಳು ನಾನು, ವಿದ್ಯಾವತಿ. ಜನ ಬಾಯಲ್ಲಿ ಹೇಳುವುದು ಒಂದು, ಅರ್ಜಿಯಲ್ಲಿ ಬರೆಸುವುದು ಇನ್ನೊಂದು. ಎರಡನ್ನೂ ಕೇಳಿದ್ದರಿಂದ ಯಾರು ಎಂಥವರು ಎಂಬುದು ನನಗೆ ಗೊತ್ತಿದ್ದಷ್ಟು ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಸೊಕ್ಕಿನಿಂದಲೇ ಹೇಳುತ್ತೇನೆ: ಅಲ್ಲಿ ನಾನು ಕಂಡ ದೊಡ್ಡ ಮನುಷ್ಯರು ಚಮನಸಾಬ ಕಾಕಾ.

ದೊಡ್ಡ ಹುದ್ದೆಯವರೇನಲ್ಲ. ಮೋಜಣಿ ಖಾತೆಯಲ್ಲಿ ಸರಪಳಿ ಹಿಡಿಯುವ ಕೆಲಸ ಅವರದು. ಹೊಲ ಅಳೆಯುವಾಗ ಕಬ್ಬಿಣದ ಸರಪಳಿಯ ತುದಿ ಹಿಡಿದು ಮುಳ್ಳು, ಕಲ್ಲು ಎನ್ನದೆ ಮುಂದೆ ನಡೆಯುವವರು. ಹುಟ್ಟೂರು ಮೋರಟಗಿ. ೨೦೦೦ದಲ್ಲಿ ನಿವೃತ್ತರಾದರು, ಆದರೆ ಊರು ಅವರನ್ನು ಬಿಡಲಿಲ್ಲ. ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿದರೆ, ಕೋರ್ಟಿಗೆ ಹೋಗುವ ಮೊದಲು ಚಮನಸಾಬರನ್ನು ಕರೆಯುತ್ತಿದ್ದರು. ಅವರು ಅಳೆದು ಕಲ್ಲು ನೆಟ್ಟರೆ ಮುಗಿಯಿತು. ಒಂದು ಕಪ್ ಚಹಾ ಬಿಟ್ಟು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಮದುವೆಯ ಮಾತು ಗಟ್ಟಿಯಾದಾಗಲೂ ಹಿರಿಯರು "ಇನ್ನ ಇದು ಚಮನಸಾಬ ಎಳದ ಗೆರಿ, ಹಿಂದ ಸರಿಯಾಂಗಿಲ್ಲ" ಎನ್ನುವಷ್ಟು ಆ ಹೆಸರು ನಡೆಯುತ್ತಿತ್ತು.

ಒಬ್ಬನೇ ಒಬ್ಬ ಒಪ್ಪದವನಿದ್ದ, ಪರಸಪ್ಪ. ೧೯೮೮ರಲ್ಲಿ ಅವನಿಗೂ ಪಕ್ಕದ ಹೊಲದವನಿಗೂ ಬದುವಿನ ಜಗಳ ಬಂದು, ಕಾಕಾ ಸರಪಳಿ ಹಿಡಿದು ಕಲ್ಲು ನೆಟ್ಟಾಗ, ಪರಸಪ್ಪನ ಅಪ್ಪ ನೀರೆರೆದು ಬೆಳೆಸಿದ ಎರಡು ಹುಣಸೆ ಮರಗಳು ಆಚೆಯವನ ಪಾಲಾದವು. ಅಂದಿನಿಂದ ವರ್ಷಕ್ಕೊಮ್ಮೆ, ಹುಣಸೆ ಹಣ್ಣು ಬಡಿಯುವ ಕಾಲಕ್ಕೆ, ಆ ಅಳತೆಯ ವಿರುದ್ಧ ತಕರಾರು ಅರ್ಜಿ ಕೊಡುವುದು ಅವನ ವ್ರತ. "ಹಳೇದ ಹೊಡೀರಿ ಅಕ್ಕಾರ, ತಾರೀಖ ಅಷ್ಟ ಬದಲ ಮಾಡ್ರಿ" ಎನ್ನುತ್ತಿದ್ದ. ಕಾಕಾನ ಹೆಸರು ಅವನ ಬಾಯಿಂದ ಬರುತ್ತಿರಲಿಲ್ಲ, "ಆ ಸರಪಳ್ಯಾಂವ" ಅಷ್ಟೇ. ಚಹಾದ ಅಂಗಡಿಗೆ ಕಾಕಾ ಬಂದರೆ ಪರಸಪ್ಪ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ.

೨೦೦೨ರ ಬೇಸಿಗೆಯಲ್ಲಿ ಪಂಚಾಯಿತಿಯವರು ಊರಿನ ಮುಂದಿನ ಬೆಳವಣಿಗೆಯ ನಕಾಶೆ ತಯಾರಿಸಿದರು. ಮನೆಗಳೆಲ್ಲಿ, ಅಂಗಡಿಗಳೆಲ್ಲಿ, ಕಾರ್ಖಾನೆಗಳೆಲ್ಲಿ ಎಂದು ಬಣ್ಣ ಬಣ್ಣದಲ್ಲಿ ಗುರುತು ಮಾಡಿ ಗೋಡೆಗೆ ತೂಗುಹಾಕಿದರು. ಊರಿನ ಮೂಡಣಕ್ಕೆ ನಲವತ್ತು ಎಕರೆ ಕಾರ್ಖಾನೆಗಳಿಗೆ. ಒಂದು ಬೇಳೆ ಗಿರಣಿ, ಒಂದು ಎಣ್ಣೆ ಗಿರಣಿ, ಚಾದರದ ನೂಲಿಗೆ ಬಣ್ಣ ಹಾಕುವ ಸೊಲ್ಲಾಪುರದವರೊಬ್ಬರ ಕಾರ್ಖಾನೆ ಬರುವುದೆಂದು ಊರಿಗೆ ಊರೇ ಹಿಗ್ಗಿತ್ತು. ನನ್ನ ತಮ್ಮ ಅನಿಲ ಅಲ್ಲೇ ಒಂದು ವೆಲ್ಡಿಂಗ್ ಶೆಡ್ಡಿಗೆ ಜಾಗ ಕೇಳಿ ಅರ್ಜಿ ಹಾಕಿದ. ಅದನ್ನು ಹೊಸ ರಿಬ್ಬನ್ ಹಾಕಿ ಟೈಪ್ ಮಾಡಿದವಳು ನಾನೇ.

ಮೂಡಣವೇ ಯಾಕೆ ಎಂದರೆ, ಅಲ್ಲಿ ಆಗಲೇ ದಾರಿ ಇತ್ತು. ಹಳೆಯ ಸರಕಾರಿ ನಕಾಶೆಯಲ್ಲಿ ಹೆದ್ದಾರಿಯಿಂದ ಒಳಗೆ ಎರಡು ಗೆರೆಯ ಅಗಲವಾದ ಬಂಡಿ ದಾರಿ. "ದಾರಿ ಐತಿ, ಇನ್ನೇನ ಬೇಕು?" ಎಂದರು ಮುಖ್ಯಾಧಿಕಾರಿ ಚನ್ನಬಸಯ್ಯನವರು. ಆಕ್ಷೇಪಣೆ ಇದ್ದವರು ಮೂವತ್ತು ದಿನದಲ್ಲಿ ಹೇಳಬೇಕೆಂದು ನೋಟೀಸು ಹಚ್ಚಿದರು.

ಐದನೆಯ ದಿನ ಕಾಕಾ ನಕಾಶೆ ನೋಡಲು ಬಂದರು. ಬಹಳ ಹೊತ್ತು ಬೆರಳಿಟ್ಟು ನಿಂತರು. ಆಮೇಲೆ ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ ಕುಳಿತು, "ಒಂದು ಆಕ್ಷೇಪಣಿ ಬರದ ಕೊಡ ತಂಗೆವ್ವ. ಅದು ದಾರಿ ಅಲ್ಲ, ಹಳ್ಳ" ಎಂದರು.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಬಂಡಿಯ ಗಾಲಿ ನುಂಗುತ್ತದೆ. ಹಾಗಾಗಿ ಹೋಳಿ ಹುಣ್ಣಿಮೆ ಕಳೆದರೆ ಎಲ್ಲರೂ ಬತ್ತಿದ ಹಳ್ಳದೊಳಗೇ ಬಂಡಿ ಹೊಡೆಯುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ದಿನ್ನೆಯ ಮೇಲಿನ ದಾರಿ. ಅರ್ಧ ವರ್ಷ ದಾರಿ, ಅರ್ಧ ವರ್ಷ ಹಳ್ಳ.

೧೯೭೯ರ ವೈಶಾಖದಲ್ಲಿ ಆ ಭಾಗದ ಅಳತೆ ನಡೆಯಿತು. ಕಾಕಾ ಆಗಷ್ಟೇ ವರ್ಗವಾಗಿ ಬಂದಿದ್ದರು, ಈ ಊರಿನ ಒಂದು ಮಳೆಯನ್ನೂ ಕಂಡಿರಲಿಲ್ಲ. ಮೋಜಣಿ ಸಾಹೇಬರು ಬಿಸಿಲಿಗೆ ತಲೆ ಸುತ್ತಿ ಮರದ ಕೆಳಗೆ ಮಲಗಿದರು. "ನೀನ ಎಳಿಯೋ" ಎಂದರು. ಎದುರಿನಿಂದ ಬಂಡಿಗಳ ಸಾಲು ಬರುತ್ತಿತ್ತು, ಕಾಕಾ ದಾರಿ ಎಂದೇ ಎರಡು ಗೆರೆ ಎಳೆದರು. ಸಾಹೇಬರು ರುಜು ಹಾಕಿದರು. ನಕಾಶೆ ದಫ್ತರಿನ ಕಪಾಟು ಸೇರಿತು, ಸಾಹೇಬರು ಮುಂದೆ ತೀರಿಕೊಂಡರು. ಇಪ್ಪತ್ತಮೂರು ವರ್ಷದ ಮೇಲೆ ಗೋಡೆಯ ಮೇಲೆ ಅದೇ ಗೆರೆ, ತುದಿಯಲ್ಲಿ ಸಣ್ಣ ಕೊಕ್ಕೆ ಹಾಕುವ ತಮ್ಮದೇ ರೂಢಿಯ ಸಮೇತ, ಕಾಕಾನ ಎದುರು ನಿಂತಿತ್ತು.

ಊರವರಿಗೆ ಅದು ಹಳ್ಳವೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮೂರು ವರ್ಷದಿಂದ ಅದು ಹರಿದಿರಲಿಲ್ಲ, ಮೇಲಾಗಿ ಸರಕಾರದ ಕಾಗದವೇ ದಾರಿ ಎನ್ನುತ್ತಿತ್ತು. ನಮಗೆ ಬೇಕಾದ ಸುಳ್ಳಿನ ಮೇಲೆ ಸರಕಾರಿ ಶಿಕ್ಕಾ ಇದ್ದರೆ ಬೇಡ ಎನ್ನುವವರು ಯಾರು? ಹಳ್ಳ ಎಂದಿದ್ದರೆ ಅಲ್ಲಿ ಕಾರ್ಖಾನೆ ಕಟ್ಟುವಂತಿರಲಿಲ್ಲ. ಆ ಹಳ್ಳ ಮುಂದೆ ಹೋಗುವುದು ನಮ್ಮ ಸೀನೀರಿನ ಬಾವಿಯ ಪಕ್ಕಕ್ಕೆ. ಊರಿನ ಬೇರೆಲ್ಲ ನೀರು ಸವುಳು, ಅದರಲ್ಲಿ ಬೇಳೆ ಕೂಡ ಬೇಯುವುದಿಲ್ಲ. ಬಣ್ಣದ ನೀರು ಹಳ್ಳಕ್ಕೆ ಇಳಿದರೆ ಊರಿಗಿದ್ದ ಒಂದೇ ಕುಡಿಯುವ ನೀರು ಹೋದಂತೆ.

ಇಷ್ಟೆಲ್ಲ ತಿಳಿದೂ ನನಗೆ ಸಿಟ್ಟು ಬಂತು. ತಮ್ಮನ ಶೆಡ್ಡು ಕಣ್ಣ ಮುಂದೆ ಇತ್ತು. "ಕಾಕಾ, ರುಜು ಸಾಹೇಬರದು. ಅವರ ತಪ್ಪು ಅಂತ ಬರೀತೇನಿ. ಸತ್ತವರು ಎದ್ದ ಬಂದು ಕೇಳ್ತಾರೇನು?" ಎಂದೆ.

"ರುಜು ಅವರದು, ಗೆರಿ ನಂದು. ಸತ್ತವರ ತಲಿಗಿ ಕಟ್ಟೂದು ಬ್ಯಾಡ."

"ಹಂಗಾದ್ರ ಕೇಳ್ರಿ. ಒಂದ ಗೆರಿ ತಪ್ಪ ಅಂದ್ರ ಎಲ್ಲಾ ಗೆರಿ ತಪ್ಪ ಅಂತಾರ. ನಿಮ್ಮ ಅಳತಿಗಿ ಸೋತವರು ಎಷ್ಟ ಮಂದಿ ಅದಾರ, ಎಲ್ಲಾರೂ ಬರ್ತಾರ. ಮದಲ ಆ ಪರಸಪ್ಪ ಬರ್ತಾನ. ಇಪ್ಪತ್ತ ವರ್ಷದ ಹೆಸರು ಒಂದ ದಿನದಾಗ ಮಣ್ಣಪಾಲು. ತಮ್ಮ ಕಾಲ ಮ್ಯಾಲ ತಾವ ಕಲ್ಲ ಹಾಕ್ಕೊಳ್ಳವ್ರನ್ನ ನಾ ನೋಡೇ ಇಲ್ಲ!"

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನಿಮ್ಮ ಕಾಕೂನೂ ಇದ ಅಂದ್ಲು," ಎಂದರು. ಸಗೀರಾ ಕಾಕು ಅವರ ಹೆಂಡತಿ. "ಆಮ್ಯಾಲ ಕೊಡಾ ತಗೊಂಡು ಬಾವಿಗಿ ಹೋದ್ಲು. ತಿರಗಿ ಬಂದು, ಹೋಗಿ ಹೇಳಿ ಬರ್ರಿ, ಬಣ್ಣದ ನೀರ ನುಂಗೂದಕಿಂತ ಮಂದಿ ಮಾತ ನುಂಗೂದು ಚಲೋ ಅಂದ್ಲು."

ನಾನು ಕೀಲಿಗಳನ್ನು ಕುಟ್ಟಿ ಕುಟ್ಟಿ ಟೈಪ್ ಮಾಡಿದೆ. ಕಾಗದದಲ್ಲಿ ಎರಡು ಕಡೆ ತೂತು ಬಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಕ್ಷೇಪಣೆಗಳ ವಿಚಾರಣೆಯ ದಿನ ಚನ್ನಬಸಯ್ಯನವರು ಎಲ್ಲರನ್ನೂ ಜಾಗಕ್ಕೇ ಕರೆದುಕೊಂಡು ಹೋದರು. ಸುಮಾರು ಇನ್ನೂರು ಜನ. ಪರಸಪ್ಪನೂ ಬಂದು ದೂರದ ಬದುವಿನ ಮೇಲೆ ಕುಳಿತಿದ್ದ. ನಾವು ಹೋದ ಹೊತ್ತಿಗೆ ಸರಿಯಾಗಿ ಆ ಹಳ್ಳದೊಳಗೆ ಒಂದು ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಬಂತು. ಜನ ಬಿದ್ದು ಬಿದ್ದು ನಕ್ಕರು.

ಚನ್ನಬಸಯ್ಯನವರು ಕೆಟ್ಟ ಮನುಷ್ಯರಲ್ಲ, ಕಾಗದ ನಂಬುವ ಮನುಷ್ಯರು. "ಸರಕಾರಿ ನಕಾಶಿ ಸುಳ್ಳ ಹೇಳತೈತೇನ್ರಿ ಚಮನಸಾಬ?" ಎಂದು ಕೇಳಿದರು.

"ನಕಾಶಿ ಸುಳ್ಳ ಹೇಳಿಲ್ರಿ ಸಾಹೇಬ್ರ. ನಾ ತಪ್ಪ ಹೇಳಿದ್ದೆ, ಅದು ಬರಕೊಂಡೈತಿ. ಈ ಗೆರಿ ಎಳದಾಂವ ನಾನ."

ನಗು ನಿಂತಿತು. ಕಾಕಾ ಗುದ್ದಲಿ ತೆಗೆದುಕೊಂಡು ಗಾಲಿಯ ಜಾಡಿನ ನಡುವೆಯೇ ಅಗೆಯತೊಡಗಿದರು. ಅರವತ್ತರ ಮನುಷ್ಯ, ಮೇಲೆ ಸುಡುವ ಬಿಸಿಲು. ಒಂದು ಮೊಳ ತುಳಿದು ಗಟ್ಟಿಯಾದ ಮಣ್ಣು. ಅದರ ಕೆಳಗೆ ಮರಳು, ನುಣ್ಣನೆಯ ದುಂಡು ಕಲ್ಲು, ಬಸವನಹುಳುವಿನ ಚಿಪ್ಪು. ಸೊಂಟದ ಆಳಕ್ಕೆ ಮರಳು ಕಪ್ಪಾಗಿ ಹಸಿಯಾಯಿತು. ಎಲ್ಲರೂ ಬಗ್ಗಿ ನೋಡುತ್ತ ನಿಂತರು. ಮೆಲ್ಲಗೆ ಒರತೆ ಜಿನುಗಿ ತಳದಲ್ಲಿ ಬೊಗಸೆ ನೀರು ಕೂಡಿತು. ತಿಳಿಯಾದ ಮೇಲೆ ಕಾಕಾ ಅದನ್ನು ಲೋಟದಲ್ಲಿ ತುಂಬಿ ಚನ್ನಬಸಯ್ಯನವರ ಕೈಗೆ ಕೊಟ್ಟರು. ಅವರು ಕುಡಿದರು. "ಸೀನೀರ ಬಾವಿ ನೀರ ಇದು," ಎಂದರು.

ಬೇಳೆ ಗಿರಣಿಯ ಪಾಲುದಾರನೊಬ್ಬನಿಗೆ ತಡೆಯಲಾಗಲಿಲ್ಲ. "ಹಂಗಾದ್ರ ನೀ ಎಳದ ಗೆರಿ ಎಲ್ಲಾ ತಪ್ಪ! ಏ ಪರಸಪ್ಪ, ಏಳೋ, ನಿನ್ನ ಹುಣಚಿ ಗಿಡ ತಿರಗಿ ಬಂದುವು!" ಎಂದು ಕೂಗಿದ. ಎಲ್ಲರೂ ಬದುವಿನತ್ತ ತಿರುಗಿದರು. ಪರಸಪ್ಪ ಎದ್ದ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ, ಊರ ಕಡೆ ನಡೆದುಬಿಟ್ಟ. ಕಾಕಾ ಗುದ್ದಲಿಗೆ ಹತ್ತಿದ ಹಸಿ ಮರಳನ್ನು ಬೆರಳಿನಿಂದ ಕೆರೆದು ತೆಗೆದರು.

ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ಮನೆಗೆ ಹೋಗುತ್ತಿದ್ದರು. ಇವರು, "ಕಾರ್ಖಾನಿ ಬ್ಯಾಡ ಅನ್ನಾಂಗಿಲ್ರಿ. ನಮ್ಮ ಹುಡುಗರು ಸೊಲ್ಲಾಪುರಕ್ಕ ಹೋಗಿ ಎಷ್ಟ ದಿನ ದುಡೀಬೇಕು? ಪಡುವಣ ಮಡ್ಡಿ ಐತಿ. ಕಲ್ಲ ನೆಲ, ಪೀಕು ಬೆಳ್ಯಾಂಗಿಲ್ಲ, ನೀರು ಬಾವಿ ಕಡೆ ಇಳ್ಯಾಂಗಿಲ್ಲ. ದಾರಿ ಒಂದ ಮಾಡಬೇಕು. ಅಳದ ಕೊಡ್ತೇನಿ," ಎಂದರು.

ಒಂಬತ್ತು ದಿನ ಅಳೆದರು. ಸರಪಳಿಯ ಇನ್ನೊಂದು ತುದಿ ಹಿಡಿದವನು ನನ್ನ ತಮ್ಮ ಅನಿಲ! ಶೆಡ್ಡು ಕಳೆಯಿತೆಂದು ಅವರನ್ನು ಮನಸಾರೆ ಬೈದಿದ್ದವನು ಮೂರನೆಯ ದಿನಕ್ಕೆ ಅವರ ಬುತ್ತಿಯಲ್ಲಿ ಪಾಲು ಕೇಳುತ್ತಿದ್ದ. ಮಡ್ಡಿಯ ನೀರು ಇಳಿಯುವುದು ಪಕ್ಕದ ಊರು ಕನ್ನೊಳ್ಳಿಯ ಕಡೆಗೆ ಎಂದು ಅಳತೆಯಲ್ಲಿ ತಿಳಿಯಿತು. "ನಮ್ಮ ಬಾವಿ ಉಳಿಸಿ ಅವರ ಹೊಲಕ್ಕ ಬಣ್ಣ ಬಿಡೂದು ಯಾವ ನ್ಯಾಯ?" ಎಂದು ಕಾಕಾ ಪಟ್ಟು ಹಿಡಿದರು. ಬಣ್ಣದ ನೀರನ್ನು ಶುದ್ಧ ಮಾಡಿ, ನೆಲಕ್ಕೆ ಇಂಗಗೊಡದೆ ಬಿಸಿಲಿಗೆ ಆರಿಸುವ ಗಚ್ಚಿನ ಹೊಂಡ ಕಟ್ಟದೆ ಪರವಾನಗಿ ಇಲ್ಲ ಎಂದು ಚನ್ನಬಸಯ್ಯನವರು ನಕಾಶೆಯ ಮೇಲೇ ಬರೆಸಿದರು. ಸೊಲ್ಲಾಪುರದವರು ಗೊಣಗಿದರು, ಕೊನೆಗೆ ಕಟ್ಟಿದರು. ಹೊಸ ನಕಾಶೆಯಲ್ಲಿ ಮೂಡಣದ ಹಳ್ಳ ನೀಲಿಯಾಯಿತು, ಅದರ ಎರಡೂ ದಡಕ್ಕೆ ಮೂವತ್ತು ಹೆಜ್ಜೆ ಕಟ್ಟಡ ನಿಷಿದ್ಧ. ಮೂರು ವರ್ಷದ ಮೇಲೆ ಆ ಹಳ್ಳ ಎದೆಮಟ್ಟ ಹರಿದಾಗ, ನಕ್ಕವರೆಲ್ಲ ದಡದಲ್ಲಿ ಕೊಡೆ ಹಿಡಿದು ನಿಂತಿದ್ದರು.

ಅದು ಆಮೇಲಿನ ಮಾತು. ಆ ಬೇಸಿಗೆಯಲ್ಲಿ ನಡೆದದ್ದು ನಾನು ಕಾಕಾನಿಗೆ ಮೊದಲೇ ಹೇಳಿದ್ದಂತೆಯೇ. ಎರಡು ವಾರದಲ್ಲಿ ನಾಲ್ಕು ಜನ ಮರು ಅಳತೆಗೆ ಅರ್ಜಿ ಬರೆಸಲು ಬಂದರು. "ಚಮನಸಾಬ ತನ್ನ ತಪ್ಪು ತಾನೇ ಒಪ್ಪಿಕೊಂಡಿರುವ ಕಾರಣ" ಎಂದು ನಾಲ್ಕು ಸಲ ಟೈಪ್ ಮಾಡಿದೆ. ಬದುವಿನ ಜಗಳಕ್ಕೆ ಕಾಕಾನನ್ನು ಕರೆಯುವವರು ಇಲ್ಲವಾದರು. ಚಹಾದ ಅಂಗಡಿಯಲ್ಲಿ ಅವರ ಬೆಂಚು ಖಾಲಿ ಉಳಿಯಿತು. ಅವರು ಬಂದು ನನ್ನ ಹತ್ತಿರ ಸ್ಟೂಲಿನ ಮೇಲೆ ಕೂಡುತ್ತಿದ್ದರು. ನಾನು ಉರಿದುಬಿದ್ದರೆ, "ಅಳದ ನೋಡ್ಲಿ ಬಿಡ ತಂಗೆವ್ವ. ತಪ್ಪಿದ್ರ ಗೊತ್ತಾಗಲಿ" ಎನ್ನುತ್ತಿದ್ದರು. ಹಾಗೆಂದರೂ ಯಾರಾದರೂ ಅರ್ಜಿ ಹಿಡಿದು ಬಂದರೆ ಮುಖ ಆಚೆ ತಿರುಗಿಸುತ್ತಿದ್ದರು.

ಹುಣಸೆ ಬಡಿಯುವ ಕಾಲ ಮುಗಿದೇ ಹೋಗಿತ್ತು. ಪರಸಪ್ಪ ಬಂದಿರಲಿಲ್ಲ. ಒಂದು ಸೋಮವಾರ ಬಂದ. ಕಾಕಾ ಅಲ್ಲೇ ಕುಳಿತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಳೆಯ ಅರ್ಜಿಯ ಪ್ರತಿಯನ್ನು ತೆಗೆದು ಯಂತ್ರದ ಪಕ್ಕಕ್ಕೆ ಬಡಿದಿಟ್ಟು, "ತಾರೀಖ ಅಷ್ಟ ಬದಲ ಮಾಡ್ಲೇನು?" ಎಂದೆ.

"ಇಲ್ರಿ ಅಕ್ಕಾರ. ಹೊಸಾದು ಹೊಡೀರಿ. ಹದಿನಾಲ್ಕ ವರ್ಷದ ನನ್ನ ತಕರಾರು ಹಿಂದಕ್ಕ ತಗೊಂಡೇನಿ ಅಂತ."

ಹಳೆಯ ಪ್ರತಿಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ಹಾಕಿದೆ. "ಕಾರಣ ಬರೀಬೇಕಾಗತೈತಿ," ಎಂದೆ.

ಪರಸಪ್ಪ ಸ್ಟೂಲಿನ ಕಡೆ ನೋಡದೆ ಹೇಳಿದ: "ಯಾರೂ ಕೇಳದ, ಯಾರಿಗೂ ಗೊತ್ತಿಲ್ಲದ ತನ್ನ ತಪ್ಪನ್ನ ಊರ ಮುಂದ ನಿಂತು ಹೇಳಿದಾಂವ ಅದಾನ. ನನ್ನ ಬದುವಿನ್ಯಾಗ ತಪ್ಪಿದ್ರ ಹದಿನಾಲ್ಕ ವರ್ಷ ಮುಚ್ಚಿಡ್ತಿದ್ನೇನು? ಗಿಡ ನಂದಲ್ಲ. ಹಂಗ ಬರೀರಿ."

ಹಾಗೆಯೇ ಬರೆದೆ, ಒಂದಕ್ಷರ ಬಿಡದೆ. ಕಣ್ಣೀರಿನಲ್ಲಿ ಎರಡು ತಪ್ಪು ಹೊಡೆದೆ. ಪರಸಪ್ಪ ರುಜು ಹಾಕಿ ಪೆನ್ನು ಕೆಳಗಿಟ್ಟ. ಕಾಕಾ ಇನ್ನೂ ಆಚೆ ಮುಖ ಮಾಡಿಯೇ ಕುಳಿತಿದ್ದರು, ಟೊಪ್ಪಿಗೆ ಮೊಣಕಾಲ ಮೇಲಿತ್ತು.

"ಏಳ ಚಮನಸಾಬ," ಎಂದ ಪರಸಪ್ಪ, "ಚಾ ಕುಡ್ಯೂಣು ಬಾ."