ರಾಣಿಯ ಗಂಡ ಒಂದು ಹೆಜ್ಜೆ ಮುಂದೆ

ವಿಜಯದಶಮಿ, ಸಂಜೆ ಆರು ಗಂಟೆ. ಅಮೆರಿಕದ ಲಿಟಲ್ ಎಲ್ಮ್ ಊರಿನಲ್ಲಿ ಮಗಳ ಮನೆ. ಹಾಜರಿದ್ದವರು ನಾನು, ನಮ್ಮ ಯಜಮಾನರು, ಮಗಳು ಸುಮಾ, ಮೊಮ್ಮಗಳು ದಿಯಾ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದವಳು ನಾನು. ಏನೇ ನಡೆದರೂ ಮೊದಲು ಹೊತ್ತು, ಹಾಜರಿದ್ದವರು, ಆಮೇಲೆ ವಿಷಯ ಹೇಳಿಯೇ ರೂಢಿ. ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ "ಮೊದಲು ಜ್ವರ ನೋಡಿಸಿಕೊಳ್ಳಿ" ಎನ್ನುತ್ತಿದ್ದೆ. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ.

ಆ ವರ್ಷ ದಸರಾ ಗೊಂಬೆ ಕೂರಿಸುವಾಗ ಪಕ್ಕದ ಮನೆಯ ಮುದುಕಿ ಮಾರ್ಗಿಟ್ ಒಂದು ಜೋಡಿ ಪಿಂಗಾಣಿ ಗೊಂಬೆ ತಂದುಕೊಟ್ಟರು: ಯೂರೋಪಿನ ಒಬ್ಬ ರಾಣಿ, ಆಕೆಯ ಗಂಡ. ಮಾರ್ಗಿಟ್ಟರ ತಾಯಿ ಅಲ್ಲಿನ ಅರಮನೆಯೊಂದರಲ್ಲಿ ಹೊಲಿಗೆ ಕೆಲಸದಲ್ಲಿದ್ದರಂತೆ. ರಾಣಿಯನ್ನು ಮದುವೆಯಾದವನು ರಾಜನಾಗುವುದಿಲ್ಲ, ಅವನಿಗೆ ಕಿರೀಟವಿಲ್ಲ, ಮಕ್ಕಳಿಗೆ ಅವನ ಮನೆತನದ ಹೆಸರೂ ಇಲ್ಲ, ಎಲ್ಲಿ ಹೋದರೂ ಅವಳಿಗಿಂತ ಒಂದು ಹೆಜ್ಜೆ ಹಿಂದೆಯೇ ನಡೆಯಬೇಕು ಎಂದು ವಿವರಿಸಿದರು.

"ಅವನಿಗೆ ದಣಿವಾದರೆ?" ಎಂದು ಯಜಮಾನರು ಕೇಳಿದರು.

ರಾಣಿ ಕೂತ ಮೇಲೆ ಅವನೂ ಕೂರಬಹುದಂತೆ. ಯಜಮಾನರು ಜೋರಾಗಿ ನಕ್ಕರು. "ನಮ್ಮ ಕ್ವಾರ್ಟರ್ಸ್‌ನಲ್ಲೂ ಇದೇ ರೂಲು ಇತ್ತು." ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದರು. ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಮಾತ್ರ ಎಲ್ಲರ ಬಾಯಲ್ಲೂ 'ಮೇಟ್ರನ್ ಯಜಮಾನ್ರು'.

ಆ ಜೋಡಿಯನ್ನು ಪಟ್ಟದ ಗೊಂಬೆಗಳ ಪಕ್ಕ ಇಟ್ಟೆ. ಮಾರ್ಗಿಟ್ ಹೇಳಿದಂತೆಯೇ, ಗಂಡ ಒಂದು ಹೆಜ್ಜೆ ಹಿಂದೆ.

ಆಗ ಮನೆಯಲ್ಲಿ ಇನ್ನೊಂದು ಚಿಂತೆಯಿತ್ತು. ಯಜಮಾನರ ಹೃದಯದ ಕವಾಟ ಬದಲಾಯಿಸಬೇಕು, ತಡ ಮಾಡಬೇಡಿ ಎಂದು ಹೂಸ್ಟನ್ನಿನ ಡಾಕ್ಟರು ಹೇಳಿದ್ದರು. ದಿನ ಗೊತ್ತುಮಾಡಿದವಳು ನಾನು, ಬಟ್ಟೆ ಜೋಡಿಸಿದವಳು ನಾನು. ಅವರು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ರೋಗಿ ಮನಸ್ಸು ಮಾಡದೆ ಆಪರೇಷನ್‌ಗೆ ಮಲಗುವುದನ್ನು ಎಷ್ಟೋ ಸಲ ನೋಡಿದ್ದ ನನಗೆ ಆ ಮೌನವೇ ಭಯ ಹುಟ್ಟಿಸಿತ್ತು.

ವಿಜಯದಶಮಿಯ ಬೆಳಿಗ್ಗೆ ನಾವೆಲ್ಲರೂ ಒಂದೇ ಕಾರಿನಲ್ಲಿ ಆಸ್ಟಿನ್‌ನ ನೆಂಟರ ಮನೆಗೆ ಊಟಕ್ಕೆ ಹೋದೆವು. ಬೀಗ ಹಾಕಿದವಳು ನಾನೇ. ಸಂಜೆ ಬಂದು ದೀಪ ಹಚ್ಚಲು ಹೋದರೆ ರಾಣಿಯ ಗಂಡ ರಾಣಿಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದ. ಬೇರೆ ಯಾವ ಗೊಂಬೆಯೂ ಅಲುಗಿರಲಿಲ್ಲ. ಹಾಸಿದ್ದ ರೇಷ್ಮೆ ಸೀರೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಐ ಡಿಡ್ ನಾಟ್ ಟಚ್ ಇಟ್, ಅಜ್ಜಿ! ಪ್ರಾಮಿಸ್!" ಎಂದಳು ದಿಯಾ.

"ಎಸಿ ಗಾಳಿಗೆ ಸರಿದಿರತ್ತೆ ಬಿಡಮ್ಮ" ಎಂದಳು ಸುಮಾ. ತುಂಬಿದ ಚೊಂಬಿನಷ್ಟು ಭಾರದ ಗೊಂಬೆ ಅದು. ನಾನೇ ತಪ್ಪಾಗಿ ಇಟ್ಟಿದ್ದೆನೋ ಎಂದುಕೊಂಡರೆ, ಹೊರಡುವ ಮುಂಚೆ ಅವಳೇ ತೆಗೆದ ಫೋಟೋದಲ್ಲಿ ಅವನು ಹಿಂದೆಯೇ ಇದ್ದಾನೆ. ಬಾಗಿಲ ಕ್ಯಾಮೆರಾದಲ್ಲಿ ಪಾರ್ಸೆಲ್ ಇಟ್ಟುಹೋದವನನ್ನು ಬಿಟ್ಟರೆ ಯಾರೂ ಇಲ್ಲ.

ಹಿಂದಕ್ಕೆ ಇಡಲು ಕೈ ಚಾಚಿದೆ.

"ಇರ್ಲಿ ಬಿಡೇ" ಎಂದರು ಯಜಮಾನರು. ಬಹಳ ಹೊತ್ತು ಗೊಂಬೆಯನ್ನೇ ನೋಡಿದರು. "ಹೂಸ್ಟನ್‌ಗೆ ಹೋಗೋಣ. ಆಪರೇಷನ್ ಆಗ್ಲಿ. ಆದ್ರೆ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ನೀನು ಸುಮ್ನೆ ಕೂತಿರ್ಬೇಕು."

"ಸುಮ್ನೆ?"

"ಪ್ರಯತ್ನ ಮಾಡು, ಮೇಟ್ರನ್ನೇ."

ಸುಮಾ ನಕ್ಕಳು. ನನಗೆ ಕಣ್ಣು ತುಂಬಿತು.

ಆಪರೇಷನ್ ಆಯಿತು, ಈಗ ಅವರು ದಿನವೂ ಕೆರೆಯ ಸುತ್ತ ವಾಕ್ ಮಾಡುತ್ತಾರೆ. ಆ ಗೊಂಬೆಯ ಮಾತೆತ್ತಿದರೆ ನಗುತ್ತಾರೆ ಅಷ್ಟೆ. ಅದು ಹೇಗೆ ಸರಿಯಿತೆಂದು ನಾನು ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದೇನೆ. ಇಂದಿಗೂ ಬಗೆಹರಿದಿಲ್ಲ.

ಆ ಸಂಜೆ ಆರತಿಯಾದ ಮೇಲೆ ಪದ್ಧತಿಯಂತೆ ಒಂದು ಗೊಂಬೆಯನ್ನು ಮಲಗಿಸಬೇಕಿತ್ತು. ಪ್ರತಿ ವರ್ಷದಂತೆ ಪಟ್ಟದ ರಾಜನಿಗೆ ಕೈ ಹಾಕುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಪಿಂಗಾಣಿಯ ರಾಣಿಯನ್ನು ಎತ್ತಿ ಮೆಲ್ಲಗೆ ಮಲಗಿಸಿದರು. "ಇವಳೇ ಮೊದ್ಲು ಮಲಗ್ಲಿ. ಎಷ್ಟು ವರ್ಷದಿಂದ ನಿಂತಿದ್ದಾಳೋ ಪಾಪ."

ನಾನು ಒಂದು ರವಿಕೆ ಕಣ ತಂದು ಅವಳಿಗೆ ಹೊದಿಸಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.